ಇರಿಯೊಮೊಟೆ ದ್ವೀಪ: ದೋಣಿ ಬಿಟ್ರೆ ಬೇರೆ ದಾರಿ ಇಲ್ಲ, ಒಂದೇ ದಿನದ ಪ್ಯಾಕೇಜ್ ಮಾತ್ರ ತಗೋಬೇಡಿ

ಜಪಾನಲ್ಲಿರೋ ನಮ್ಮೋರ ಮನೆಗೆ ಊರಿಂದ ಅಪ್ಪ ಅಮ್ಮ ಬಂದ್ರೆ ತೋರ್ಸೋ ಲಿಸ್ಟ್ ಹೆಚ್ಚುಕಮ್ಮಿ ಎಲ್ರದ್ದೂ ಒಂದೇ, ಫುಜಿ, ಕ್ಯೋಟೋ, ನಾರಾದ ಜಿಂಕೆ, ಕಾಮಾಕುರಾದ ಬುದ್ಧ, ಆಮೇಲೆ ಶಿಂಕಾನ್ಸೆನ್ ಬುಲೆಟ್ ಟ್ರೇನಲ್ಲಿ ಒಂದು ರೌಂಡ್. ನಮ್ಮನೇಲಿ ಅದೆಲ್ಲ ಹಿಂದಿನ ಸಲಾನೇ ಆಗಿತ್ತು, ಅದಕ್ಕೆ ಈ ಸಲ ಇರಿಯೊಮೊಟೆಗೆ ಹೋದ್ವಿ. ಒಕಿನಾವಾ ಪ್ರಿಫೆಕ್ಚರಿನ, ಅಂದ್ರೆ ಪ್ರಾಂತ್ಯದ, ತೀರಾ ತುದಿ, ಟೋಕಿಯೋಯಿಂದ ಸುಮಾರು 2000 ಕಿಲೋಮೀಟರ್ ದೂರ, ಅಲ್ಲಿಂದ ತೈವಾನೇ ಹತ್ರ. 289 ಚದರ ಕಿಲೋಮೀಟರ್ ದ್ವೀಪ, ಅದ್ರಲ್ಲಿ ಶೇಕಡ 90ರಷ್ಟು ಕಾಡು, ಜನ ಅಂದ್ರೆ ಎರಡೂವರೆ ಸಾವಿರದ ಒಳಗೆ. ಏರ್‌ಪೋರ್ಟ್ ಇಲ್ಲ, ಸೇತುವೆ ಇಲ್ಲ, ಇಶಿಗಾಕಿ ಅನ್ನೋ ಪಕ್ಕದ ದ್ವೀಪಕ್ಕೆ ವಿಮಾನದಲ್ಲಿ ಹೋಗಿ ಅಲ್ಲಿಂದ ಫೆರ್ರಿ ಹತ್ಬೇಕು ಅಷ್ಟೇ.

ಮೊದ್ಲೇ ಹೇಳ್ಬಿಡ್ತೀನಿ, ಹೋಗ್ಬಹುದಾ ಅಂದ್ರೆ ಖಂಡಿತಾ ಹೋಗಿ. ಆದ್ರೆ "ಅಬ್ಬಾ ಎಂಥಾ ಹಸಿರು ಕಾಡು" ಅಂತ ನೋಡಕ್ಕೆ ಹೋಗ್ಬೇಡಿ. ಮಲೆನಾಡು, ಉತ್ತರ ಕನ್ನಡ, ಕೊಡಗಿನ ಕಡೆಯವರಾಗಿದ್ರೆ ಮಳೆಕಾಡು ನಿಮ್ಗೇನು ಹೊಸದಲ್ಲ, ಒಂದು ಗಂಟೆ ಆದ್ಮೇಲೆ "ಇದಕ್ಕಾ ಇಷ್ಟು ದುಡ್ಡು" ಅನ್ಸುತ್ತೆ. ನಮ್ಮಪ್ಪ ಅಂದೂ ಬಿಟ್ರು. ಅಲ್ಲಿ ನೋಡ್ಬೇಕಾಗಿರೋದು ಬೇರೆ, ಉಬ್ಬರ ಇಳಿತಕ್ಕೆ ತಕ್ಕಂತೆ ಬದಲಾಗೋ ನದಿಗಳು, ಕಾಡು ನುಂಗಿರೋ ಕಲ್ಲಿದ್ದಲು ಗಣಿ, ದ್ವೀಪದೊಳಗೇ ರಸ್ತೆ ಇಲ್ದೆ ಮತ್ತೆ ದೋಣೀಲೇ ಹೋಗ್ಬೇಕಾದ ಹಳ್ಳಿ, ಆಮೇಲೆ ಒಂದು ಬೆಕ್ಕಿಗೋಸ್ಕರ ಇಡೀ ದ್ವೀಪ ಗಾಡಿ ನಿಧಾನ ಓಡ್ಸೋ ರೀತಿ. ಇದೆಲ್ಲ ಒಂದೇ ದಿನದಲ್ಲಿ ಆಗಲ್ಲ. ಕನಿಷ್ಠ ಎರಡು ರಾತ್ರಿ ಇರಿ, ಮೂರಾದ್ರೆ ಇನ್ನೂ ಒಳ್ಳೇದು.

ಫೆರ್ರಿಯಿಂದ ಶುರು ಮಾಡ್ತೀನಿ, ಯಾಕಂದ್ರೆ ಹೆಚ್ಚಿನವರಿಗೆ ತಲೆನೋವಾಗೋದು ಅಲ್ಲೇ. ಇರಿಯೊಮೊಟೆಗೆ ಎರಡು ಬಂದರು, ಪೂರ್ವ-ದಕ್ಷಿಣದ ಕಡೆ ಓಹಾರಾ, ಉತ್ತರದಲ್ಲಿ ಉಯೆಹಾರಾ. ಎರಡಕ್ಕೂ ಇಶಿಗಾಕಿಯಿಂದ ಮುಕ್ಕಾಲು ಗಂಟೆ ಆಸುಪಾಸು. ಓಹಾರಾ ದಾರಿ ಹವಳದ ದಿಬ್ಬಗಳ ಒಳಗಿನ ತಗ್ಗು ಸಮುದ್ರದಲ್ಲಿ ಹೋಗುತ್ತೆ, ಸೆಕಿಸೇ ಲಗೂನ್ ಅಂತಾರೆ, ಜಪಾನಿನ ಅತಿ ದೊಡ್ಡ ಹವಳದ ಪ್ರದೇಶ ಅದು, ನೀರಿನ ಬಣ್ಣ ಕಡು ನೀಲಿ, ಎಳೆ ಹಸಿರು, ಮತ್ತೆ ನೀಲಿ ಹೀಗೆ ಪಟ್ಟೆ ಪಟ್ಟೆ, ಅಲೆ ಜಾಸ್ತಿ ಹೊಡ್ಯಲ್ಲ. ಉಯೆಹಾರಾ ದಾರಿ ಮಾತ್ರ ಉತ್ತರಕ್ಕೆ ತೆರ್ಕೊಂಡಿದೆ, ಚಳಿಗಾಲದಲ್ಲಿ ಉತ್ತರದ ಗಾಳಿ ಬೀಸಕ್ಕೆ ಶುರು ಆದ್ರೆ ಆ ಫೆರ್ರಿ ಪಟ್ ಅಂತ ಕ್ಯಾನ್ಸಲ್. ನಾವು ಹೋದಾಗ್ಲೂ ಹಂಗೇ ಆಯ್ತು, ಬೋರ್ಡಲ್ಲಿ ಉಯೆಹಾರಾ ಮುಂದೆ ಎಲ್ಲಾ ಕೆಂಪು. ಅಮ್ಮನಿಗೆ ಗಾಬರಿ, ಇನ್ನು ವಾಪಸ್ಸಾ ಅಂತ. ಆದ್ರೆ ಕೌಂಟರಲ್ಲಿದ್ದ ಹುಡುಗಿಗೆ ಇದೆಲ್ಲ ದಿನಾ ಇರೋದೇ, ಟಿಕೆಟ್ ಓಹಾರಾಗೆ ಬದ್ಲಾಯ್ಸಿ, ಅಲ್ಲಿಂದ ಉಯೆಹಾರಾಗೆ ಕಂಪನಿ ಬಸ್ ಇರುತ್ತೆ ಅಂತ ಚೀಟಿ ಕೊಟ್ಟು ಕಳ್ಸಿದ್ಲು, ಬಸ್ಸಿಗೆ ಬೇರೆ ದುಡ್ಡು ಕೇಳ್ಲಿಲ್ಲ. ಹಾಗಾಗಿ ನವೆಂಬರಿಂದ ಫೆಬ್ರವರಿ ಒಳಗೆ ಹೋಗೋರು ವಾಪಸ್ ಬರೋ ದಿನ ಸಂಜೆ ವಿಮಾನ ಇಟ್ಕೊಳ್ಳಿ, ಬೆಳಿಗ್ಗೆ ವಿಮಾನ ಬುಕ್ ಮಾಡಿ ಎದೆ ಬಡ್ಕೋಬೇಡಿ. ಟೈಫೂನ್ ಸೀಸನ್ನಲ್ಲಂತೂ, ಜುಲೈಯಿಂದ ಸೆಪ್ಟೆಂಬರ್, ಎರಡೂ ಬಂದರು ಬಂದ್ ಆಗಿ ದ್ವೀಪದಲ್ಲೇ ಉಳ್ಕೋಬೇಕಾಗ್ಬಹುದು. ಟಿಕೆಟ್ ಒಂದು ಕಡೆಗೆ ಎರಡು-ಮೂರು ಸಾವಿರ ಯೆನ್ ಲೆಕ್ಕ ಇಟ್ಕೊಳ್ಳಿ.

ಈಗ ಆ ಒಂದು ದಿನದ ಪ್ಯಾಕೇಜ್ ವಿಷಯ. ಇಶಿಗಾಕಿ ಬಂದರಲ್ಲಿ ಕಾಲಿಟ್ರೆ ಸಾಕು, ಎಲ್ಲಾ ಕಡೆ ಅದೇ ಪೋಸ್ಟರ್, ಬೆಳಿಗ್ಗೆ ಹೋಗಿ ಸಂಜೆ ವಾಪಸ್, ನಾಕಾಮಾ ನದಿ ದೋಣಿ, ಯುಬು ದ್ವೀಪದ ಎಮ್ಮೆ ಗಾಡಿ, ಊಟ, ಇನ್ನೂ ಒಂದೆರಡು ದ್ವೀಪ. ನಮ್ಮ ಪರಿಚಯದವರೊಬ್ರು ಒಂದು ಏಜೆನ್ಸಿ ಮೂಲಕ ಹೀಗೇ ಹೋಗಿ ಬಂದು "ಬಸ್ಸಲ್ಲಿ ಕೂತಿದ್ದೇ ಜಾಸ್ತಿ, ಗೈಡ್ ಬಾವುಟ ಹಿಡ್ಕೊಂಡು ಓಡ್ತಿದ್ದ" ಅಂದಿದ್ರು. ನಾವೂ ಅಲ್ಲಿದ್ದಾಗ ನೋಡಿದ್ವಿ, ಹತ್ತೂವರೆಯಿಂದ ಎರಡು ಗಂಟೆ ತನಕ ಬಸ್ಸುಗಳ ಸಾಲು, ಮೂರು ಗಂಟೆ ಮೇಲೆ ಅದೇ ಜಾಗದಲ್ಲಿ ನರಪಿಳ್ಳೆ ಇಲ್ಲ. ಮತ್ತೆ ರಾತ್ರಿ ಅಂತೂ ಅವರಿಗೆ ಸಿಗೋದೇ ಇಲ್ಲ. ಇರಿಯೊಮೊಟೆ-ಇಶಿಗಾಕಿ ರಾಷ್ಟ್ರೀಯ ಉದ್ಯಾನಕ್ಕೆ 2018ರಲ್ಲಿ ಡಾರ್ಕ್ ಸ್ಕೈ ಪಾರ್ಕ್, ಅಂದ್ರೆ ದೀಪದ ಬೆಳಕಿಲ್ದೆ ನಕ್ಷತ್ರ ಚೆನ್ನಾಗಿ ಕಾಣೋ ಜಾಗ, ಅಂತ ಮಾನ್ಯತೆ ಸಿಕ್ಕಿದೆ, ಜಪಾನಿಗೆ ಅದೇ ಮೊದಲನೇದು. ಟೋಕಿಯೋದಲ್ಲಿ ಹತ್ತು ನಕ್ಷತ್ರ ಎಣಿಸಿದ್ರೆ ಹೆಚ್ಚು ಅನ್ನೋ ನಮ್ಮಂಥೋರಿಗೆ ಲಾಡ್ಜ್ ಹಿಂದಿನ ಕಬ್ಬಿನ ಗದ್ದೆ ಹತ್ರ ನಿಂತ್ರೆ ಸಾಕಾಗಿತ್ತು.

ನಾಕಾಮಾ ನದಿ ಓಹಾರಾ ಬಂದರಿಂದ ನಡ್ಕೊಂಡೇ ಹೋಗೋಷ್ಟು ಹತ್ರ. ಜಪಾನಿನ ಅತಿ ದೊಡ್ಡ ಕಾಂಡ್ಲಾ (ಮ್ಯಾಂಗ್ರೋವ್) ಕಾಡು ಇದೇ ನದೀದು. ಚಪ್ಪಟೆ ದೋಣಿ, ಪ್ಲಾಸ್ಟಿಕ್ ಸೀಟು, ಮೈಕಲ್ಲಿ ಜಪಾನೀಸ್ ವಿವರಣೆ, ಇಂಗ್ಲಿಷ್‌ಗೆ ಒಂದು ಹಾಳೆ ಕೊಡ್ತಾರೆ ಅಷ್ಟೇ. ದೋಣಿ ದಡಕ್ಕೆ ಹತ್ರ ಹೋದಾಗ ಅಮ್ಮ ಬೇರುಗಳನ್ನ ನೋಡಿ "ಇದು ನಮ್ಮ ಬದಿ ಕಾಂಡ್ಲಾನೇಯ ಅಲ್ದನಾ ತಮಾ" ಅಂದ್ರು, ಹೌದು, ಹೊನ್ನಾವರದಲ್ಲಿ ಶರಾವತಿ ಹಿನ್ನೀರ ಕಡೆ ಮರದ ಹಲಗೆ ಮೇಲೆ ನಡ್ಕೊಂಡು ನೋಡೋ ಅದೇ ಜಾತಿಯ ಗಿಡಗಳು, ಅದೇ ಊರುಗೋಲು ಬೇರು, ಅದೇ ಕೆಸರಿನ ವಾಸನೆ. ಜಪಾನಲ್ಲಿ ಸಿಗೋ ಏಳು ಜಾತಿ ಮ್ಯಾಂಗ್ರೋವೂ ಈ ಒಂದೇ ದ್ವೀಪದಲ್ಲಿವೆ. ಆದ್ರೆ ಇಲ್ಲಿ ವಿಶೇಷ ಅಂದ್ರೆ ನದಿ ಮೇಲ್ಗಡೆ ಇರೋ ಸಾಕಿಶಿಮಾ ಸುಒ ಮರ, 400 ವರ್ಷದ್ದು ಅಂತಾರೆ, ಬುಡದಲ್ಲಿ ಹಲಗೆ ನಿಲ್ಲಿಸಿದ ಹಂಗೆ ಬೇರುಗಳು ಎದ್ದಿವೆ, ಆಳೆತ್ತರ, ತೆಳ್ಳಗೆ, ಸುಳಿ ಸುಳಿಯಾಗಿ. ಗಮನಿಸಿ, ಆ ಮರದ ತನಕ ದೋಣಿ ಹೋಗೋದು ಉಬ್ಬರ ಇದ್ದಾಗ ಮಾತ್ರ, ಇಳಿತ ಇದ್ರೆ ಅರ್ಧಕ್ಕೇ ತಿರುಗ್ಸಿ ವಾಪಸ್. ದಿನಾ ಟೈಮ್ ಬದ್ಲಾಗುತ್ತೆ, ಹಿಂದಿನ ದಿನವೇ ಫೋನ್ ಮಾಡಿ ಕೇಳಿ, ನಿಮ್ಮ ಲಾಡ್ಜಿನವರಿಗೆ ಹೇಳಿದ್ರೆ ಅವ್ರೇ ಮಾಡ್ತಾರೆ.

ಇಳಿತದ ಟೈಮಿಗೆ ಹೋದ್ರೂ ಲಾಸ್ ಇಲ್ಲ ಅನ್ನಿ. ದೋಣಿ ಹತ್ತದೆ ನದಿ ಬಾಯಿ ಹತ್ರ ಮರಳು-ಕೆಸರಿನ ಬಯಲಲ್ಲಿ ಸುಮ್ನೆ ನಿಂತ್ಕೊಂಡ್ರೆ ಗೋಲಿ ಗಾತ್ರದ ನೀಲಿ ಏಡಿಗಳು ಸಾವಿರಗಟ್ಟಲೆ ಹೊರಗೆ ಬರ್ತವೆ. ಇವು ಬೇರೆ ಏಡಿ ತರ ಅಡ್ಡಡ್ಡ ಓಡಲ್ಲ, ಮುಂದಕ್ಕೇ ನಡೀತವೆ, ಗುಂಪಾಗಿ. ನಾವು ಒಂದು ಹೆಜ್ಜೆ ಇಟ್ರೆ ಇಡೀ ಗುಂಪು ಸುರುಳಿ ಸುತ್ತಿ ಕೆಸರಲ್ಲಿ ಮಾಯ, ನೆಲದ ಮೇಲೆ ಬರೀ ಸಣ್ಣ ಸಣ್ಣ ಮರಳ ಗುಳಿಗೆ. ಮತ್ತೆ ಒಂದೈದು ನಿಮಿಷ ಅಲ್ಲಾಡ್ದೆ ನಿಂತ್ರೆ ಮೊದ್ಲು ಒಂದು, ಆಮೇಲೆ ನಾಕು, ಆಮೇಲೆ ಎಲ್ಲ. ಕೆಸರು ಮೀನುಗಳೂ ಬೇರಿನ ಮೇಲೆ ಹತ್ತಿ ಕಣ್ಣು ಬಿಟ್ಕೊಂಡು ಕೂತಿರ್ತವೆ. ಅಪ್ಪ ಇಲ್ಲೇ ಜಾಸ್ತಿ ಹೊತ್ತು ಕಳೆದಿದ್ದು, ಪುಕ್ಕಟೆ ಬೇರೆ.

ಉರಾಉಚಿ ನದಿ ಇನ್ನೊಂದು ತುದಿ, ಉಯೆಹಾರಾ ಕಡೆ. ಒಕಿನಾವಾ ಪ್ರಿಫೆಕ್ಚರಿನ ಅತಿ ಉದ್ದದ ನದಿ, ಉದ್ದ ಅಂದ್ರೆ 19 ಕಿಲೋಮೀಟರೂ ಇಲ್ಲ, ಅದು ಬೇರೆ ಮಾತು. ದೋಣಿ ಎಂಟು ಕಿಲೋಮೀಟರ್ ಒಳಗೆ ಕರ್ಕೊಂಡು ಹೋಗಿ ಗುಂಕಾನ್ ಇವಾ ಅನ್ನೋ ಬಂಡೆ ಹತ್ರ ಇಳ್ಸುತ್ತೆ, ಅಲ್ಲಿಂದ ಕಾಡಲ್ಲಿ ನಡೆದು ಮರಿಯುಡು, ಕಾನ್ಪಿರೆ ಅಂತ ಎರಡು ಜಲಪಾತ. ದಾರಿ ಚೆನ್ನಾಗಿದೆ, ಆದ್ರೆ ಬೇರು, ಪಾಚಿ, ಮಳೆ ಬಿದ್ರೆ ಜಾರುತ್ತೆ, ಅಮ್ಮನ ಮಂಡಿ ನೋವಿಗೆ ಇದು ಆಗ್ತಿರ್ಲಿಲ್ಲ, ಅವರು ನನ್ನ ಹೆಂಡತಿ ಜೊತೆ ಅದೇ ದೋಣೀಲಿ ವಾಪಸ್ ಹೋದ್ರು, ನಾನು ಅಪ್ಪ ಮಾತ್ರ ನಡೆದ್ವಿ. ಮರಿಯುಡು ದೂರದ ಅಟ್ಟಣೆ ಮೇಲಿಂದ ನೋಡೋದು, ಹತ್ರ ಬಿಡಲ್ಲ. ಕಾನ್ಪಿರೆಯಲ್ಲಿ ಬಂಡೆ ಮೇಲೆ ಕೂತ್ಕೋಬಹುದು, ನೀರು ಕೊರೆದ ಗುಂಡಗಿನ ಗುಂಡಿಗಳು ಬಂಡೆ ತುಂಬ. ಜೋಗ, ಉಂಚಳ್ಳಿ ನೋಡಿ ಬೆಳೆದೋರಿಗೆ ಜಲಪಾತದ ಎತ್ತರ ನಗು ತರ್ಸುತ್ತೆ, ಅದನ್ನ ಮುಖದ ಮೇಲೆ ತೋರ್ಸ್ಬೇಡಿ, ದೋಣಿಯವರು ಬಹಳ ಅಭಿಮಾನದಿಂದ ಹೇಳ್ತಾರೆ. ಇಂಬಳ ಇರುತ್ತೇನೋ ಅಂತ ಅಪ್ಪ ಊರಿಂದ ತಂದ ಸುಣ್ಣದ ಡಬ್ಬಿ ಜೇಬಲ್ಲಿ ಇಟ್ಕೊಂಡೇ ಬಂದಿದ್ರು, ನಾವು ಹೋದ ದಾರೀಲಿ ಒಂದೂ ಹತ್ತಲಿಲ್ಲ, ಡಬ್ಬಿ ಎಲೆ ಅಡಿಕೆಗೆ ಆಯ್ತು.

ಜಲಪಾತಕ್ಕಿಂತ ನನಗೆ ತಲೇಲಿ ಉಳಿದಿದ್ದು ಅದೇ ದೋಣಿ ನಿಲ್ದಾಣದ ಹತ್ರಾನೇ ಶುರುವಾಗೋ ಇನ್ನೊಂದು ದಾರಿ, ಉತಾರಾ ಕಲ್ಲಿದ್ದಲು ಗಣಿಗೆ ಹೋಗೋದು. ಇದು ಯಾವ ಒಂದು ದಿನದ ಪ್ಯಾಕೇಜಲ್ಲೂ ನಾನು ನೋಡ್ಲಿಲ್ಲ. ನದಿ ಪಕ್ಕದ ಕಾಲುದಾರಿ, ಇಪ್ಪತ್ತು ನಿಮಿಷದ ನಡಿಗೆ, ಕೊನೇಲಿ ಮರದ ಅಟ್ಟಣೆ. ಅಟ್ಟಣೆ ಪಕ್ಕ ಇಟ್ಟಿಗೆ ಕಂಬಗಳು ನಿಂತಿವೆ, ಕಲ್ಲಿದ್ದಲು ಸಾಗ್ಸೋ ಟ್ರಾಲಿ ಹಳಿ ಹೊತ್ತಿದ್ದ ಕಂಬಗಳು. ಹಳಿ ಈಗಿಲ್ಲ. ಒಂದೊಂದು ಕಂಬಕ್ಕೂ ಗಾಜುಮಾರು, ನಮ್ಮ ಆಲದ ಜಾತೀದೇ ಮರ, ಮೇಲಿಂದ ಬೇರು ಇಳ್ಸಿ ಅಪ್ಕೊಂಡಿದೆ, ಕೆಲವು ಕಡೆ ಇಟ್ಟಿಗೆ ಯಾವ್ದು ಬೇರು ಯಾವ್ದು ಗೊತ್ತಾಗಲ್ಲ, ಒಂದು ಕಂಬದಲ್ಲಿ ಬೇರು ಇಟ್ಟಿಗೆ ಸಂದಿ ಒಳಗೆ ನುಗ್ಗಿ ಮಧ್ಯದ ಎರಡು ಸಾಲನ್ನ ಆಚೆ ತಳ್ಳಿಬಿಟ್ಟಿದೆ. ನೆಲದಲ್ಲಿ ಬಿಯರ್ ಬಾಟಲಿ ಚೂರುಗಳು, ಹಳೇ ಕಾಲದ್ದು.

ಕಥೆ ಏನಪ್ಪ ಅಂದ್ರೆ, ಈ ದ್ವೀಪದಲ್ಲಿ 1886ರಲ್ಲೇ ಕೈದಿಗಳನ್ನ ತಂದು ಗಣಿ ಶುರು ಮಾಡಿದ್ರು, ಮಲೇರಿಯಾದಲ್ಲಿ ಜನ ಸತ್ತು ಸತ್ತು ಅದು ನಿಂತೋಯ್ತು. ಆಮೇಲೆ ಬೇರೆ ಬೇರೆ ಕಂಪನಿಗಳು ಬಂದ್ವು, ಉತಾರಾ ಗಣಿ 1930ರ ದಶಕದ್ದು. ಕ್ಯೂಶು ಕಡೆಯಿಂದ, ತೈವಾನಿಂದ, ಒಳ್ಳೆ ಸಂಬಳ ಅಂತ ಆಸೆ ತೋರ್ಸಿ ಜನ ಕರ್ಕೊಂಡು ಬರ್ತಿದ್ರು, ಇಲ್ಲಿಗೆ ಬಂದ್ಮೇಲೆ ದೋಣಿ ಖರ್ಚು, ಊಟದ ಖರ್ಚು ಎಲ್ಲ ಸಾಲದ ಲೆಕ್ಕಕ್ಕೆ. ಸಂಬಳ ಕೊಡ್ತಿದ್ದಿದ್ದು ಗಣಿ ಅಂಗಡೀಲಿ ಮಾತ್ರ ನಡೆಯೋ ಚೀಟಿ ದುಡ್ಡಲ್ಲಿ. ಓಡಿ ಹೋಗೋಣ ಅಂದ್ರೆ ಸುತ್ತ ಕಾಡು, ಆಚೆ ಸಮುದ್ರ. ದೋಣಿ ಬಿಟ್ರೆ ದಾರಿ ಇಲ್ಲ ಅನ್ನೋದನ್ನ ನಾವು ಟೂರಿಸಂ ಪೋಸ್ಟರಲ್ಲಿ ಖುಷಿಯಾಗಿ ಓದ್ತೀವಿ, ಆ ಜನರಿಗೆ ಅದೇ ಜೈಲು ಗೋಡೆ. ಅಪ್ಪ ಚಿಕ್ಕೋರಿದ್ದಾಗ ಮಲೆನಾಡಲ್ಲಿ ಮಲೇರಿಯಾಕ್ಕೆ ಹೆದರಿ ಊರಿಗೆ ಊರೇ ಖಾಲಿ ಆಗಿದ್ದ ಕಥೆ ಅವ್ರಜ್ಜಿ ಹೇಳ್ತಿದ್ರಂತೆ, ಅದನ್ನೆಲ್ಲ ಅಲ್ಲಿ ನಿಂತ್ಕೊಂಡು ಹೇಳಿದ್ರು. ಟಿಕೆಟ್ ಇಲ್ಲ, ಗೈಡ್ ಇಲ್ಲ, ಒಂದು ಬೋರ್ಡ್ ಇದೆ, ಆ ಹೊತ್ತಿಗೆ ನಾವಿಬ್ರೇ. ಸೊಳ್ಳೆ ಮಾತ್ರ ಈಗ್ಲೂ ಜಬರ್ದಸ್ತ್ ಇವೆ, ಮಲೇರಿಯಾ ಇಲ್ಲ ಬಿಡಿ, ಅದು 1960ರ ದಶಕದಲ್ಲೇ ಹೋಯ್ತು, ಆದ್ರೂ ಫುಲ್ ತೋಳಿನ ಅಂಗಿ ಹಾಕ್ಕೊಂಡ್ಹೋಗಿ.

ಇದೇ ಮಲೇರಿಯಾದ ಇನ್ನೊಂದು ಗುರುತು ದಕ್ಷಿಣ ತುದಿಯ ಹಾಯೆಮಿಡಾ ಬೀಚಲ್ಲಿದೆ. 1945ರಲ್ಲಿ ಜಪಾನಿನ ಸೈನ್ಯದವರು ಎದುರಿನ ಹಾತೆರುಮಾ ದ್ವೀಪದ ಜನರನ್ನೆಲ್ಲ ಬಲವಂತವಾಗಿ ಇಲ್ಲಿಗೆ ಕಳ್ಸಿದ್ರು, ಮಲೇರಿಯಾ ಹರಡಿ ನೂರಾರು ಜನ ಸತ್ರು. ಅವ್ರ ಜೊತೆ ಇದ್ದ ಶಾಲೆ ಮೇಷ್ಟ್ರು ವಾಪಸ್ ಹೋಗೋ ಮುಂಚೆ ಬಂಡೆ ಮೇಲೆ ಮರೀಬೇಡಿ ಅಂತ ಕೆತ್ತಿ ಹೋಗಿದ್ದಾರೆ. ಬೀಚು ಬಹಳ ಚಂದ, ಮರಳು ಬಿಳಿ, ಸ್ವಿಮ್ಮಿಂಗ್ ಜನಾನೂ ಕಮ್ಮಿ, ಆದ್ರೆ ಸುಮ್ನೆ ಸೆಲ್ಫಿ ತೆಗ್ದು ಬರೋ ಬದ್ಲು ಆ ಕಲ್ಲಿನ ತನಕ ಹೋಗಿ ಬನ್ನಿ.

ಯುಬು ದ್ವೀಪದ ಎಮ್ಮೆ ಗಾಡಿ ಬಗ್ಗೆ ನನಗೆ ಮೊದ್ಲು ಬಹಳ ತಾತ್ಸಾರ ಇತ್ತು, ಟೂರಿಸ್ಟ್ ಗಿಮಿಕ್ ಅಂತ. ಗಿಮಿಕ್ಕೇ, ಇಲ್ಲ ಅನ್ನಲ್ಲ. 400 ಮೀಟರ್ ಸಮುದ್ರ, ಮಂಡಿ ಉದ್ದದ ನೀರು, ಇಳಿತದಲ್ಲಿ ನಡ್ಕೊಂಡೇ ದಾಟ್ಬಹುದು, ಅದಕ್ಕೆ ಎಮ್ಮೆ ಗಾಡಿ, ಗಾಡಿ ಹೊಡಿಯೋರು ಮಧ್ಯದಲ್ಲಿ ಹಗ್ಗ ಬಿಟ್ಟು ಸಾನ್‌ಶಿನ್ ಅನ್ನೋ ಮೂರು ತಂತಿ ವಾದ್ಯ ತಗೊಂಡು ಹಾಡ್ತಾರೆ, ಎಮ್ಮೆಗೆ ದಾರಿ ಗೊತ್ತು, ಅದು ಅದರ ಪಾಡಿಗೆ ಹೋಗುತ್ತೆ, ಮಧ್ಯ ನಿಂತು ಉಚ್ಚೆ ಹೊಯ್ದು ಮತ್ತೆ ಹೊರಡುತ್ತೆ, ಯಾರಿಗೂ ಅರ್ಜೆಂಟಿಲ್ಲ. ಅಮ್ಮನಿಗೆ ಎಮ್ಮೆಗಳಿಗೆ ಕಷ್ಟ ಆಗುತ್ತೇನೋ ಅಂತ ಚಿಂತೆ, ಆಚೆ ದಡದಲ್ಲಿ ಡ್ಯೂಟಿ ಮುಗಿದೋವು ಕೆಸರಿನ ಹೊಂಡದಲ್ಲಿ ಮೂಗು ಮಾತ್ರ ಮೇಲಿಟ್ಟು ಬಿದ್ಕೊಂಡಿರೋದು ನೋಡಿ ಸಮಾಧಾನ ಆಯ್ತು. ಆದ್ರೆ ಆ ಸಣ್ಣ ದ್ವೀಪದ ಹಿಂದಿನ ಕಥೆ ಒಳ್ಳೇದಿದೆ. ಮಲೇರಿಯಾ ಸೊಳ್ಳೆ ಇಲ್ಲ ಅಂತ ಜನ ಯುಬುನಲ್ಲಿ ಮನೆ ಕಟ್ಕೊಂಡು ಇರಿಯೊಮೊಟೆಯಲ್ಲಿ ಗದ್ದೆ ಮಾಡ್ತಿದ್ರು, 1969ರ ಟೈಫೂನಲ್ಲಿ ಇಡೀ ದ್ವೀಪ ನೀರಲ್ಲಿ ಮುಳ್ಗಿ ಹೆಚ್ಚಿನವರು ಈಚೆ ದಡಕ್ಕೆ ಬಂದ್ಬಿಟ್ರು. ಬಿಡದೆ ಉಳಿದ ಒಬ್ಬ ರೈತ ದಂಪತಿ ಎಮ್ಮೆ ಗಾಡೀಲಿ ಮಣ್ಣು ಹೊತ್ತು ತಾಳೆ ಗಿಡ, ಹೂವಿನ ಗಿಡ ನೆಟ್ಟು ನೆಟ್ಟು ಮಾಡಿದ್ದೇ ಈಗಿನ ತೋಟ. ಒಳಗಿನ ಚಿಟ್ಟೆ ಮನೆ ಪರವಾಗಿಲ್ಲ. ಮಧ್ಯಾಹ್ನ ಹೋಗ್ಬೇಡಿ, ಬಸ್ಸಿನ ಜನ ಮುಗಿಬಿದ್ದಿರ್ತಾರೆ, ಬೆಳಿಗ್ಗೆ ಮೊದಲನೇ ಗಾಡಿ ಅಥ್ವಾ ಕೊನೇ ಗಾಡಿ ಹಿಡೀರಿ.

ಬೆಕ್ಕಿನ ವಿಷಯಕ್ಕೆ ಬರ್ತೀನಿ. ಇರಿಯೊಮೊಟೆ ಯಾಮಾನೆಕೊ, ಕಾಡುಬೆಕ್ಕು, ಪ್ರಪಂಚದಲ್ಲಿ ಈ ದ್ವೀಪದಲ್ಲಿ ಮಾತ್ರ ಇದೆ, ಉಳಿದಿರೋದು ನೂರರ ಆಸುಪಾಸು. 1965ರಲ್ಲಿ ತೊಗಾವಾ ಯುಕಿಯೊ ಅನ್ನೋ ಬರಹಗಾರರು ಇಲ್ಲಿಗೆ ಬಂದು ಹೊರ ಜಗತ್ತಿಗೆ ಗೊತ್ತು ಮಾಡಿದ್ದು, ಎರಡು ವರ್ಷ ಆದ್ಮೇಲೆ ವಿಜ್ಞಾನಿಗಳು ಹೊಸ ಪ್ರಾಣಿ ಅಂತ ಹೆಸರಿಟ್ರು. ಈಗ ನೋಡಿದ್ರೆ ಅದು ನಮ್ಮ ಪಶ್ಚಿಮ ಘಟ್ಟದಲ್ಲಿರೋ ಚಿರತೆ ಬೆಕ್ಕಿನ ಉಪಜಾತಿ ಅಷ್ಟೇ, ದೂರದ ನೆಂಟ. ನಮ್ಮ ಕಡೆ ಇಲಿ ತಿಂದು ಬದುಕುತ್ತೆ, ಇಲ್ಲಿ ಮೊದಲಿಂದ ಇಲಿ ಹೆಗ್ಗಣವೇ ಇರ್ಲಿಲ್ಲ, ಹಾಗಾಗಿ ಕಪ್ಪೆ, ಹಲ್ಲಿ, ಹಕ್ಕಿ, ಬಾವಲಿ, ಸೀಗಡಿ ಹಿಡ್ಕೊಂಡು ತಿನ್ನೋದು ಕಲ್ತಿದೆ. ನಿಮ್ಗೆ ಕಾಣ್ಸುತ್ತಾ ಅಂದ್ರೆ ಇಲ್ಲ. ನಮ್ಗೂ ಕಾಣ್ಲಿಲ್ಲ, ಅಲ್ಲೇ ಹುಟ್ಟಿ ಬೆಳೆದೋರಿಗೂ ಅಪರೂಪಕ್ಕೆ ಕಾಣೋದಂತೆ. ಕೋಮಿ ಹಳ್ಳಿ ಹತ್ರ ವನ್ಯಜೀವಿ ಸಂರಕ್ಷಣಾ ಕೇಂದ್ರ ಇದೆ, ಪ್ರವೇಶ ಪುಕ್ಕಟೆ, ಅಲ್ಲಿ ಚರ್ಮದೊಳಗೆ ತುಂಬಿ ನಿಲ್ಸಿಟ್ಟ ಸತ್ತ ಬೆಕ್ಕು, ವೀಡಿಯೋ ಎಲ್ಲ ಚೆನ್ನಾಗಿ ಇಟ್ಟಿದ್ದಾರೆ, ಸೋಮವಾರ ರಜಾ.

ಬೆಕ್ಕು ಕಾಣ್ದೇ ಇದ್ರೂ ಬೆಕ್ಕಿನ ವ್ಯವಸ್ಥೆ ಎಲ್ಲಾ ಕಡೆ ಕಾಣುತ್ತೆ ನೋಡಿ, ನನಗೆ ಅದು ಬಹಳ ಹಿಡಿಸ್ತು. ಇರೋದು ಒಂದೇ ಮೇನ್ ರಸ್ತೆ, ದ್ವೀಪಕ್ಕೆ ಪೂರ್ತಿ ಸುತ್ತೂ ಹಾಕಲ್ಲ, ದಕ್ಷಿಣದಿಂದ ಶುರುವಾಗಿ ಉತ್ತರ ಬಳಸಿ ಪಶ್ಚಿಮದ ಶಿರಾಹಾಮಾದಲ್ಲಿ ಮುಗಿದೋಗುತ್ತೆ. ಸ್ಪೀಡ್ 40, ಹಳ್ಳಿ ಒಳಗೆ ಇನ್ನೂ ಕಮ್ಮಿ. ಬೆಕ್ಕು ಸಾಯೋದಕ್ಕೆ ದೊಡ್ಡ ಕಾರಣ ಗಾಡಿಗಳೇ ಅಂತ ರಸ್ತೆ ಅಡೀಲಿ ನೂರಕ್ಕೂ ಹೆಚ್ಚು ಕಡೆ ಪ್ರಾಣಿ ದಾಟೋ ಸುರಂಗ ಮಾಡಿದ್ದಾರೆ, ಕೆಲವು ಕಡೆ ಟೈರು ಗರಗರ ಅನ್ನೋ ಹಂಗೆ ಡಾಂಬರಿಗೆ ಗೆರೆ ಕೊರೆದಿದ್ದಾರೆ, ಬೆಕ್ಕು ಓಡಾಡಿದ ಜಾಗಕ್ಕೆ ಹಳದಿ ಬೋರ್ಡು. ಬಾಡಿಗೆ ಕಾರು ಕೊಡೋವಾಗ ಲೈಸೆನ್ಸ್ ನೋಡಿದ್ದಕ್ಕಿಂತ ಜಾಸ್ತಿ ಹೊತ್ತು ಬೆಕ್ಕಿನ ಬಗ್ಗೆ ಪಾಠ ಆಯ್ತು. ಸಂಜೆ ಮೇಲೆ ನಮ್ಮ ಹಿಂದೆ ಬಂದ ಲೋಕಲ್ ಟ್ರಕ್ಕೂ ಹಾರ್ನ್ ಹೊಡೀದೆ 40ರಲ್ಲೇ ಬಂತು. ಅಣಶಿ, ಆಗುಂಬೆ ರಸ್ತೇಲಿ ರಾತ್ರಿ ಬಸ್ಸು ಓಡೋ ಸ್ಪೀಡ್ ನೆನೆಸ್ಕೊಂಡು ಅಪ್ಪ ಏನೂ ಮಾತಾಡ್ಲಿಲ್ಲ, ಬಂಡೀಪುರದಲ್ಲಿ ರಾತ್ರಿ ಬಂದ್ ಇರೋದೇ ಸರಿ ಅಂತ ಮಾತ್ರ ಅಂದ್ರು. ಬೆಳಿಗ್ಗೆ ಕರೆಂಟ್ ಕಂಬದ ಮೇಲೆ ಜುಟ್ಟಿರೋ ಹಾವು ಹದ್ದು ಕೂತಿರುತ್ತೆ, ಇದೂ ನಮ್ಮ ಕಡೆ ಇರೋದೇ, ಇಲ್ಲಿ ಕಾರು ನಿಲ್ಸಿದ್ರೂ ಹಾರಲ್ಲ.

ಪಿನಾಯ್ಸಾರಾ ಜಲಪಾತದ ಬಗ್ಗೆ ಕೇಳ್ತಾರೆ ಎಲ್ರೂ. 55 ಮೀಟರ್, ಒಕಿನಾವಾಕ್ಕೆ ಅದೇ ಎತ್ತರದ್ದು. ಹಿನಾಯ್ ನದೀಲಿ ಕಾಂಡ್ಲಾ ಮಧ್ಯ ಕಯಾಕ್ ಹುಟ್ಟು ಹಾಕ್ಕೊಂಡು ಹೋಗಿ ಆಮೇಲೆ ಹತ್ತೋದು. 2021ರ ಜುಲೈಯಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿದ್ಮೇಲೆ ಜನ ಜಾಸ್ತಿ ಆಗ್ತಾರೆ ಅಂತ ಈಗ ರೂಲ್ಸು ಬಿಗಿ ಮಾಡಿದ್ದಾರೆ, 2025ರ ಮಾರ್ಚಿಂದ ಹಿನಾಯ್ ಕಡೆಗೆ ದಿನಕ್ಕೆ 200 ಜನಕ್ಕೆ ಮಾತ್ರ ಪರ್ಮಿಷನ್. ಪರ್ಮಿಷನ್ ಕೆಲಸ ಟೂರ್ ಬುಕ್ ಮಾಡ್ದಾಗ ಗೈಡೇ ನೋಡ್ಕೋತಾರೆ, ಟೌನ್ ಆಫೀಸ್ ಲೈಸೆನ್ಸ್ ಇರೋ ಗೈಡಾ ಅಂತ ಮಾತ್ರ ಕೇಳಿ ನೋಡಿ. ನಾನು ಹೆಂಡತಿ ಹೋಗಿದ್ವಿ, ಭುಜ ಎರಡು ದಿನ ನೋವು, ದುಡ್ಡಿಗೆ ಮೋಸ ಇಲ್ಲ. ಗೈಡ್ ಹುಡುಗ ಒಸಾಕಾದವನು, ಗುಂಪು ಸಣ್ಣದು, ನಿಧಾನ ಇದ್ದೋರಿಗೆ ಕಾಯ್ತಿದ್ದ, ಕಾಡಲ್ಲಿ ಹೊಟ್ಟೆ ಕೆಟ್ರೆ ಅಂತ ಮಡಚೋ ಟಾಯ್ಲೆಟ್ ಚೀಲ ಕೂಡ ಕೊಟ್ಟ, ಏನೂ ಬಿಟ್ಟು ಬರೋಹಾಗಿಲ್ಲ. ವಯಸ್ಸಾದವರನ್ನ ಕರ್ಕೊಂಡು ಹೋಗ್ಬೇಡಿ, ಅವರಿಗೆ ಫುನಾಉರಾ ಹತ್ರ ಸಮುದ್ರದ ಮೇಲೆ ಹೋಗೋ ರಸ್ತೇಲಿ ಕಾರು ನಿಲ್ಸಿದ್ರೆ ದೂರದಿಂದ ಬಿಳಿ ಗೆರೆ ಕಾಣುತ್ತೆ.

ಊಟದ್ದು ದೊಡ್ಡ ಸಮಸ್ಯೆ, ನಮ್ಮಂಥ ಸಸ್ಯಾಹಾರಿಗಳಿಗೆ ಹೇಳ್ತಿರೋದು, ಮೀನು ಮಾಂಸ ತಿನ್ನೋರು ಈ ಪ್ಯಾರಾ ಬಿಟ್ಬಿಡಿ, ನಿಮ್ಗೆ ಕಾಡುಹಂದಿಯಿಂದ ಹಿಡ್ದು ಏಡಿ ತನಕ ಎಲ್ಲ ಸಿಗುತ್ತೆ. ಯಾಯೆಯಾಮಾ ಸೋಬಾ ಅಂತ ಎಲ್ಲಾ ಹೋಟ್ಲಲ್ಲೂ ಇರುತ್ತೆ, ಅದರ ಸಾರು ಹಂದಿ ಮೂಳೆ, ಒಣ ಮೀನಿನದ್ದು. ಹಾಗಲಕಾಯಿ ಪಲ್ಯ, ಗೋಯಾ ಚಂಪುರು, ಅಂದ್ರೆ ಅಮ್ಮನಿಗೆ ಖುಷಿ ಆಗಿತ್ತು, ಅದಕ್ಕೂ ಹಂದಿ ಹಾಕಿರ್ತಾರೆ. ನಾವು ಉಳ್ಕೊಂಡಿದ್ದ ಮೊದಲನೇ ಲಾಡ್ಜಿನ ಪೇಜಲ್ಲಿ ಸಸ್ಯಾಹಾರ ಮಾಡ್ಕೊಡ್ತೀವಿ ಅಂತ ಇತ್ತು, ಬುಕಿಂಗಲ್ಲಿ ಬರೆದಿದ್ವಿ, ಫೋನೂ ಮಾಡಿದ್ವಿ, ಟೇಬಲ್ ಮೇಲೆ ಬಂದಿದ್ದು ತರಕಾರಿ ತೆಂಪುರಾ ಜೊತೆ ಮೀನಿನ ದಾಶಿ, ಅಂದ್ರೆ ಒಣ ಮೀನು ಕುದಿಸಿ ತೆಗೆದ ರಸ, ಹಾಕಿದ ಮಿಸೊ ಸೂಪ್, ಕೇಳಿದ್ರೆ "ಮೀನು ಹಾಕಿಲ್ಲ, ದಾಶಿ ಮಾತ್ರ". ಪಾಪ ಮನಸ್ಸು ಒಳ್ಳೇದು, ಆದ್ರೆ ಪೇಜಲ್ಲಿ ಹಾಕೋ ಮುಂಚೆ ತಿಳ್ಕೋಬೇಕಲ್ವಾ. ಅಮ್ಮ ಅನ್ನಕ್ಕೆ ಮೊಸರು ಹಾಕ್ಕೊಂಡು ಊಟ ಮುಗ್ಸಿದ್ರು. ಆಮೇಲೆ ಅಡಿಗೆ ಮನೆ ಇರೋ ಸಣ್ಣ ಕಾಟೇಜಿಗೆ ಬದ್ಲಾಯ್ಸಿದ್ವಿ, ಬದುಕಿದ್ವಿ. ಅವಲಕ್ಕಿ, ಉಪ್ಪಿನಕಾಯಿ, ಸಾರಿನ ಪುಡಿ, ರೆಡಿ ಉಪ್ಪಿಟ್ಟು ಟೋಕಿಯೋಯಿಂದ್ಲೇ ತಗೊಂಡು ಹೋಗಿ. ದ್ವೀಪದಲ್ಲಿ ಸೆವೆನ್ ಇಲೆವೆನ್, ಲಾಸನ್ ಯಾವ್ದೂ ಇಲ್ಲ, ಸಣ್ಣ ಸೂಪರ್ ಮಾರ್ಕೆಟ್ಟುಗಳು ಸಂಜೆ ಬೇಗ ಮುಚ್ತವೆ, ದೋಣಿ ಬರ್ದೇ ಇದ್ದ ದಿನ ಹಾಲು, ಬ್ರೆಡ್ಡು, ಸೊಪ್ಪಿನ ಕಪಾಟು ಬೋಳು. ಸಿಗೋದ್ರಲ್ಲಿ ಚೆನ್ನಾಗಿರೋದು ಅಲ್ಲಿಯ ಅನಾನಸು, ಕಡ್ಲೆಕಾಯಿ ಹಾಲಲ್ಲಿ ಮಾಡೋ ಜಿಮಾಮಿ ತೋಫು, ಅದಕ್ಕೆ ಹಾಕೋ ಸಾಸ್ ಬೇಡ ಅನ್ನಿ, ಕಬ್ಬಿನ ಕಪ್ಪು ಬೆಲ್ಲ, ಆಮೇಲೆ ಸಾತಾ ಅಂದಾಗಿ ಅನ್ನೋ ಕರಿದ ಉಂಡೆ, ನಮ್ಮ ಮಂಗಳೂರು ಬನ್ಸ್‌ಗೆ ಗಟ್ಟಿ ತಮ್ಮ ಇದ್ದಂಗಿದೆ, ಅದರಲ್ಲಿ ಮೊಟ್ಟೆ ಇರುತ್ತೆ, ನೋಡ್ಕೊಳ್ಳಿ. ಅಪ್ಪನಿಗೆ ಕಪ್ಪು ಬೆಲ್ಲ ಎಷ್ಟು ಹಿಡಿಸ್ತು ಅಂದ್ರೆ ಜೋನಿ ಬೆಲ್ಲ ಬಿಟ್ರೆ ಇದೇ ಅಂದ್ಬಿಟ್ರು, ಅವರಿಂದ ಇದು ಪದ್ಮಶ್ರೀ.

ನನ್ನ ಲೆಕ್ಕದಲ್ಲಿ ಇಡೀ ಟ್ರಿಪ್ಪಿಗೆ ಪೂರ್ತಿ ಮಾರ್ಕ್ಸ್ ಹೋಗೋದು ಫುನಾವುಕಿಗೆ. ರಸ್ತೆ ಮುಗಿಯೋ ಶಿರಾಹಾಮಾದಿಂದ ಮತ್ತೆ ಸಣ್ಣ ದೋಣಿ, ಹತ್ತು ನಿಮಿಷ. ಇರಿಯೊಮೊಟೆಗೇ ಸೇರಿದ ನೆಲ, ಆದ್ರೆ ರಸ್ತೆ ಇಲ್ಲ, ಮಧ್ಯ ಬರೀ ಬೆಟ್ಟ ಕಾಡು. ಊರಲ್ಲಿ ನಲವತ್ತು ಐವತ್ತು ಜನ. ದೋಣೀಲಿ ನಮ್ಮ ಜೊತೆ ಒಬ್ರು ಅಜ್ಜಿ ಟಾಯ್ಲೆಟ್ ಪೇಪರಿನ ದೊಡ್ಡ ಕಟ್ಟು, ಒಂದು ಕೊರಿಯರ್ ಡಬ್ಬ, ಗ್ಯಾಸ್ ಸ್ಟೌವ್ ಇಟ್ಕೊಂಡು ಬಂದ್ರು, ದಡದಲ್ಲಿ ಇನ್ನೊಬ್ರು ತಳ್ಳೋ ಗಾಡಿ ಹಿಡ್ಕೊಂಡು ಕಾಯ್ತಿದ್ರು. ಅಮ್ಮ ಕೈ ಕೊಟ್ಟು ಡಬ್ಬ ಇಳ್ಸಿದ್ರು, ಇಬ್ರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಬರಲ್ಲ, ಆದ್ರೂ ಮಂಡಿ ನೋವಿನ ಬಗ್ಗೆ ಅದು ಹೇಗೋ ಐದು ನಿಮಿಷ ಮಾತಾಡಿದ್ರು. ಊರು ದಾಟಿ ಹತ್ತು ನಿಮಿಷ ನಡೆದ್ರೆ ಇಡಾ ಬೀಚು, ಅರ್ಧಚಂದ್ರದ ಮರಳು, ಹಿಂದೆ ಕಾಡು. ಯುದ್ಧದ ಕಾಲದ ಸೈನ್ಯದ ಸುರಂಗಗಳೂ ಸುತ್ತ ಇವೆ, ನಾವು ಒಳಗೆ ಹೋಗ್ಲಿಲ್ಲ. ಇಡೀ ದ್ವೀಪದಲ್ಲೇ ಹೈಸ್ಕೂಲು ಇಲ್ಲ, ಅಂದ್ರೆ ನಮ್ಮ ಪಿಯುಸಿ ಮಟ್ಟದ್ದು, ಮಕ್ಕಳು ಹದಿನೈದಕ್ಕೆ ಮನೆ ಬಿಟ್ಟು ಇಶಿಗಾಕಿಗೋ ಒಕಿನಾವಾದ ರಾಜಧಾನಿ ನಾಹಾಗೋ ಹೋಗ್ಬೇಕು. ಅಪ್ಪ ಹೈಸ್ಕೂಲಿಗೆ ಕುಮಟಾದಲ್ಲಿ ನೆಂಟ್ರ ಮನೇಲಿ ಉಳಿದು ಓದಿದೋರು, ಇದನ್ನ ಕೇಳಿದ್ಮೇಲೆ ಊರೊಳಗಿನ ಪುಟ್ಟ ಶಾಲೆ ಅಂಗಳವನ್ನ ಬೇಲಿ ಹೊರಗಿಂದ ಸುಮಾರು ಹೊತ್ತು ನೋಡಿದ್ರು.

ಫುನಾವುಕಿಗೆ ದಿನಕ್ಕೆ ಬೆರಳೆಣಿಕೆಯಷ್ಟೇ ದೋಣಿ, ಹೋಗೋವಾಗ್ಲೇ ವಾಪಸ್ ಟೈಮ್ ಫೋಟೋ ತೆಗ್ದಿಟ್ಕೊಳ್ಳಿ, ಊರಲ್ಲಿ ಊಟದ ಜಾಗ ಇದ್ರೂ ತೆರೆದಿರುತ್ತೆ ಅನ್ನೋ ಗ್ಯಾರಂಟಿ ಇಲ್ಲ, ತಿಂಡಿ ನೀರು ಕಟ್ಕೊಂಡೇ ಹೋಗಿ.

ಇನ್ನು ಕೆಲವು ಚಿಲ್ರೆ ವಿಷಯ. ಬಸ್ಸಿದೆ ಆದ್ರೆ ದಿನಕ್ಕೆ ಕೆಲವೇ ಟ್ರಿಪ್ಪು, ಅದನ್ನ ನಂಬಿ ಪ್ಲಾನ್ ಮಾಡಿದ್ರೆ ಅರ್ಧ ದಿನ ಸ್ಟಾಪಲ್ಲೇ, ಹಾಗಾಗಿ ಇಬ್ರಿಗಿಂತ ಜಾಸ್ತಿ ಇದ್ರೆ ಕಾರು ತಗೊಳ್ಳಿ, ದ್ವೀಪದಲ್ಲಿ ಗಾಡಿಗಳು ಕಮ್ಮಿ, ವಿಮಾನದ ಟಿಕೆಟ್ ಜೊತೇಲೇ ಬುಕ್ ಮಾಡಿ. ಇಂಡಿಯಾ ಲೈಸೆನ್ಸ್ ಇರೋರು ಇಂಟರ್‌ನ್ಯಾಷನಲ್ ಪರ್ಮಿಟ್ ಮರೀಬೇಡಿ. ಮೊಬೈಲ್ ಹಳ್ಳಿಗಳಲ್ಲಿ ಸಿಗುತ್ತೆ, ಕಾಡಲ್ಲಿ ಸಿಗಲ್ಲ. ಕ್ಯಾಶ್ ಇಟ್ಕೊಳ್ಳಿ, ಪೋಸ್ಟ್ ಆಫೀಸ್ ಎಟಿಎಂ ಬಿಟ್ರೆ ಕಷ್ಟ. ಹಾಬು ಅನ್ನೋ ವಿಷದ ಹಾವಿದೆ, ರಾತ್ರಿ ಓಡಾಡೋವಾಗ ಟಾರ್ಚು, ಮುಚ್ಚಿದ ಶೂ. ಮಾರ್ಚ್ ಕೊನೆ, ಏಪ್ರಿಲ್ ಹೊತ್ತಿಗೆ ಹೋದ್ರೆ ಸೂರ್ಯ ಮುಳುಗಿದ್ಮೇಲೆ ಅರ್ಧ ಗಂಟೆ ಮಾತ್ರ ಮಿಣುಕು ಹುಳಗಳ ಹಬ್ಬ ಇರುತ್ತೆ, ಜೂನ್ ಕೊನೆ ಜುಲೈಯಲ್ಲಿ ಹೋದ್ರೆ ಸಾಗಾರಿಬಾನಾ ಹೂವು, ರಾತ್ರಿ ಅರಳಿ ಬೆಳಗಿನ ಜಾವ ನದಿಗೆ ಉದುರುತ್ತೆ, ಅದಕ್ಕೆ ನಸುಕಲ್ಲೇ ಕಯಾಕ್ ಟೂರು ಮಾಡ್ತಾರೆ. ಹೊಶಿಝುನಾ ಬೀಚಲ್ಲಿ ನಕ್ಷತ್ರದ ಆಕಾರದ ಮರಳಿದೆ, ಅದು ಮರಳಲ್ಲ, ಸೂಕ್ಷ್ಮಜೀವಿಗಳ ಚಿಪ್ಪು, ಮಕ್ಕಳಿದ್ರೆ ಅಂಗೈ ಒತ್ತಿ ಹುಡುಕ್ತಾ ಒಂದು ಗಂಟೆ ಆರಾಮಾಗಿ ಕಳೀತಾರೆ, ನಮ್ಗೆ ಹತ್ತು ನಿಮಿಷಕ್ಕೆ ಸಾಕಾಯ್ತು.

ಖರ್ಚು ಸಸ್ತಾ ಅಲ್ಲ, ನಾಲ್ಕು ಜನಕ್ಕೆ ವಿಮಾನ ಸೇರ್ಸಿದ್ರೆ ಕ್ಯೋಟೋ ಟ್ರಿಪ್ಪಿನ ಎರಡರಷ್ಟು ಆಯ್ತು. ಐದಕ್ಕೆ ನಾಲ್ಕೂವರೆ ಕೊಡ್ತೀನಿ, ಅರ್ಧ ಹೋಗಿದ್ದು ದಾಶಿಗೆ. ಯಾರಾದ್ರೂ ಅಪ್ಪ ಅಮ್ಮನ್ನ ಕರ್ಕೊಂಡು ಹೋಗೋರಿದ್ರೆ ಓಹಾರಾ ಕಡೇನೇ ರೂಮು ಮಾಡಿ, ಫೆರ್ರಿ ಕ್ಯಾನ್ಸಲ್ ಆಗೋದು ಕಮ್ಮಿ, ನಾಕಾಮಾ, ಯುಬು, ಬೆಕ್ಕಿನ ಕೇಂದ್ರ ಎಲ್ಲ ಆ ಬದೀಲೇ ಇದೆ. ಹುಡುಗ ವಯಸ್ಸಿನವರು, ಕಯಾಕು ಟ್ರೆಕ್ಕಿಂಗ್ ಅನ್ನೋರು ಉಯೆಹಾರಾ ಕಡೆ ಇರಿ.